ಗಾಳಿ ಬರ್ತಿಲ್ಲ

ರಾತ್ರಿ ಎರಡೂವರೆಗೆ ಅಲ್ಲಾಬಕ್ಷಿ ಫೋನು:
"ಪರ್ಸಣ್ಣ, ಫ್ಯಾನ್ ತಿರುಗ್ತತಿ, ಗಾಳಿ ಬರ್ತಿಲ್ಲ.
ಒಲಿ ಕೆಂಪಾಗವಲ್ದು.
ಹನ್ನೆರಡು ಚೀಲ ಅಕ್ಕಿ ಉಪ್ಪು ಹಚ್ಕೊಂಡು ಕುಂತೇತಿ."

ತಿರುಗೋದು ಬೇರೆ, ಬೀಸೋದು ಬೇರೆ.
ಅರ್ಧ ನಿದ್ದೆಯಲ್ಲೂ ಅಷ್ಟು ಗೊತ್ತು ನನಗೆ.
ಮೀಟರು, ಎರಡು ಕೆಪಾಸಿಟರು, ಗ್ರೀಸ್ ಡಬ್ಬಿ
ಮೊಪೆಡ್ಡಿಗೆ ಸಿಕ್ಕಿಸಿ ಹೊರಟೆ.

ದಾವಣಗೆರೆಯ ಮಂಡಕ್ಕಿ ಭಟ್ಟಿ ಓಣಿಗೆ
ದೀಪ ಬೇಡ, ಮೂಗು ಸಾಕು:
ಸುಟ್ಟ ಹೊಟ್ಟು, ಕಾದ ಮರಳು.
ಗೋಡೆ, ನಾಯಿ, ವಿದ್ಯುತ್ ಕಂಬ, ಎಲ್ಲಕ್ಕೂ ಒಂದೇ ಮಸಿ.
ಅಂಥ ಮಸಿಯೊಳಗಿಂದ ಬೆಳಗಾದರೆ
ಊರೆಲ್ಲ ಮೆಣಸಿನಕಾಯಿ ಜೊತೆ ತಿನ್ನೋ ಬಿಳುಪು.

ಮೊದಲು ಕರೆಂಟು. ಇನ್ನೂರ ಹತ್ತು.
ಈ ಓಣಿಗೆ ಅದು ಹಬ್ಬ.
ಕೆಪಾಸಿಟರಿನ ಹೊಟ್ಟೆ ಉಬ್ಬಿಲ್ಲ.
ಆರಿಸಿ ಬೆರಳಲ್ಲಿ ತಳ್ಳಿದರೆ ಶಾಫ್ಟು
ಏಳು ಸುತ್ತು ಹೋಗಿ ಸದ್ದಿಲ್ಲದೆ ನಿಂತಿತು.
ಬಾಣದ ಗುರುತಿನ ಮಸಿ ಒರೆಸಿದೆ,
ಉಲ್ಟಾನೂ ತಿರುಗ್ತಿಲ್ಲ.
ಮತ್ತೆ ಓಡಿಸಿ
ಸ್ಕ್ರೂಡ್ರೈವರಿನ ತುದಿ ಬೇರಿಂಗಿನ ಮೇಲೆ,
ಹಿಡಿ ನನ್ನ ಕಿವಿಯ ಹಿಂದಿನ ಎಲುಬಿಗೆ.
ಕಲಿಸಿದ್ದು ಮಿಲ್ಲಿನ ಜಾಬರ್ ಚನ್ನವೀರಪ್ಪ:
"ಮಷೀನು ಬಾಯಿಲೆ ಸುಳ್ಳು ಹೇಳ್ತತಿ, ಎಲುಬಿಲೆ ಹೇಳಂಗಿಲ್ಲ."
ಮಿಲ್ಲು ಹೋಯಿತು, ಗೇಟಿದ್ದಲ್ಲಿ ಕಲ್ಯಾಣ ಮಂಟಪ.
ಎಲುಬು ಉಳಿದಿದೆ.

ಎಲುಬು ಹೇಳಿತು: ಇದು ಹೊರೆಯಿಲ್ಲದ ಓಟ.
ಮೀಟರು ಹೌದೆಂದಿತು. ಆಂಪ್ಸ್ ಅರ್ಧಕ್ಕಿಂತ ಕಡಿಮೆ.
ಉಣ್ಣದವನು ದುಡಿಯುತ್ತಿಲ್ಲ ಅಂತಲೇ ಲೆಕ್ಕ.

ಗೋಡೆಗೂ ಫ್ಯಾನಿಗೂ ನಡುವಿನ ಒಂದು ಗೇಣು ಕತ್ತಲೆಗೆ
ಕೈ ತೂರಿಸಿದೆ.
ಗಾಳಿ ಎಳೆಯೋ ಬಾಯಿಗೆ
ಜಿಗಣೆಯಂತೆ ಕಚ್ಚಿಕೊಂಡಿತ್ತು ಗೋಣಿ ತಟ್ಟು.
ಹಾರಿ ಬಂದು ಸಿಕ್ಕಿದ್ದಲ್ಲ.
ದುಂಡಗೆ ಅಳತೆಗೆ ಕತ್ತರಿಸಿ
ಅಂಚಿಗೆ ಕೆಂಪು ದಾರದಲ್ಲಿ ಹೊಲಿಗೆ ಹಾಕಿದ್ದು.

ತಿರುಗಿ ನೋಡಿದೆ.
ಪ್ಯಾರಿಬಿ ಮರಳು ನೋಡ್ತಿದ್ದಳು.

"ಅದು ಕೂಗಿದ್ರ ಅಕ್ಕಿ ಮಾತು ಕೇಳ್ಸಲ್ಲ ಅಣ್ಣ.
ಮರಳಿಗೆ ಬಿದ್ದ ಕೂಡ್ಲೆ ಉಸ್ ಅಂತತಿ,
ಆಮ್ಯಾಲೆ ಚಿಟಿಚಿಟಿ.
ಚಿಟಿಚಿಟಿ ನಿಲ್ಲೋಕ್ಕೆ ಒಂದ್ ಉಸ್ರು ಮುಂಚೆ ಎತ್ಬೇಕು.
ಕಣ್ಣಿಲೆ ನೋಡಾಣ ಅಂದ್ರ, ಹೊಗಿ ಬಿಟ್ಟೇತಾ ಕಣ್ಣು?
ಈ ಫ್ಯಾನ್ ಬಂದು ತಿಂಗ್ಳಾತು, ದಿನಾ ಅರ್ಧ ಚೀಲ ಕರಕು.
ಕೂಲಿಯಾಗ ಹಿಡಿತಾರ.
ದಿನಾ ಹಾಕಿ ತೆಗಿತಿದ್ದೆ.
ಇವತ್ತು ಹೊಟ್ಟು ಹಸಿ ಇತ್ತು, ಬೆಂಕಿನೇ ಹೋತು."

ಹೊರಗೆ ಅಲ್ಲಾಬಕ್ಷಿ ಯಾರಿಗೋ ಫೋನಿನಲ್ಲಿ
ಹೊಸ ಮೋಟರಿನ ರೇಟು ಕೇಳ್ತಿದ್ದ.

ನಾನು ಕೇಳಿದ್ದು ಎಣ್ಣೆ ಡಬ್ಬಿಯ ತಗಡು.
ದುಂಡಗೆ ಕತ್ತರಿಸಿದೆ, ಅಳತೆಗೆ ಅವಳ ಗೋಣಿಯನ್ನೇ ಇಟ್ಟು.
ಒಂದೇ ಬೋಲ್ಟಿನ ಮೇಲೆ ಹೊರಳೋ ಮುಚ್ಚಳ,
ಅದಕ್ಕೊಂದು ಉದ್ದ ಕಡ್ಡಿ,
ಕಡ್ಡಿ ಅವಳ ಎಡಗೈಗೆ.
ಬೇಕಾದಾಗ ಬೆಂಕಿ, ಬೇಕಾದಾಗ ಕಿವಿ.
ನಾಲ್ಕು ಕಾಲಿನ ಕೆಳಗೆ ಹಳೇ ಟ್ಯೂಬಿನ ತುಂಡು.

ಒಲೆ ಕೆಂಪಾಯಿತು.
ಅವಳು ಕಡ್ಡಿ ಎಳೆದು, ಅಕ್ಕಿ ಸುರಿದು, ತಲೆ ಒಂದು ಕಡೆ ವಾಲಿಸಿದಳು.
ನಾನೂ ವಾಲಿಸಿದೆ.
ನನಗೇನೂ ಕೇಳಿಸಲಿಲ್ಲ.
ಅಷ್ಟರಲ್ಲಿ ಜರಡಿಯಲ್ಲಿ ಬೆಳ್ಳಗೆ ಕುಣೀತಿತ್ತು.

"ಏನಾಗಿತ್ತು?" ಅಂದ ಅಲ್ಲಾಬಕ್ಷಿ.
"ಮುಚ್ಚಳ ಇರ್ಲಿಲ್ಲ. ಕಂಪನಿಯವ್ರು ಹಾಕಬೇಕಿತ್ತು" ಅಂದೆ.
ನೂರಾ ಎಂಬತ್ತು ಇಸಕೊಂಡೆ.
ಗೋಣಿ ತಟ್ಟು ನನ್ನ ಚೀಲದಲ್ಲಿತ್ತು,
ಈಗ ಅದರ ಮೇಲೆ ಮೀಟರು ಕೂರತ್ತೆ.

ಅವಳು ಕಾಗದದಲ್ಲಿ ಸುತ್ತಿಕೊಟ್ಟ ಬಿಸಿ ಮಂಡಕ್ಕಿ
ಅಂಗಡಿ ಮೆಟ್ಟಿಲ ಮೇಲೆ ಕೂತು ಬಾಯಿಗೆ ಹಾಕಿದೆ.
ಊರು ಎದ್ದಿರಲಿಲ್ಲ.
ಎಲುಬಿನೊಳಗೆ ಚಿಟಿಚಿಟಿ.