ವಾಸನೆ ಹೋಗುವ ಜಾಗ

ಗುಮಾಕಾದ ಕಡಲಂಚಿಗೆ ನಮ್ಮ ಗಿರಣಿ.
ದಿನಕ್ಕೆ ಎಂಟು ಟನ್ನು, ಅದೂ ಕರೆಂಟಿದ್ದರೆ.
ಕೊಲ್ಲಿಯ ಆಚೆ ದೊಡ್ಡವರ ರಿಫೈನರಿ:
ರಾತ್ರಿಯಿಡೀ ದೀಪ, ದಾಹ ತೀರದ ಹಡಗು.
ನಾವು ತಿಂಗಳೆಲ್ಲ ಬೇಯಿಸಿದ್ದನ್ನು ಅದು
ಊಟಕ್ಕೆ ಮುಂಚೆ ಕುಡಿದು ಮುಗಿಸುತ್ತದೆ.

ನನ್ನ ಕೆಲಸ ಹನಿ ಎಣಿಸುವುದು.
ಗಾಜಿನ ಕೊಳವೆಯಿಂದ ಕ್ಷಾರ, ಒಂದೊಂದೇ ಹನಿ;
ಕೆಳಗೆ ಸೀಸೆಯಲ್ಲಿ ಎಣ್ಣೆ. ಅಲ್ಲಾಡಿಸು, ಅಲ್ಲಾಡಿಸು,
ಯಾವುದೋ ಒಂದು ಹನಿಗೆ ಇದ್ದಕ್ಕಿದ್ದಂತೆ
ಕೂಸಿನ ಒಸಡಿನಷ್ಟು ಗುಲಾಬಿ.
ಅಲ್ಲಿಗೆ ನಿಲ್ಲಿಸಬೇಕು. ಬರೆದುಕೊಳ್ಳಬೇಕು:
ಹುಳಿ, ಶೇಕಡಾ ಮೂರೂಕಾಲು.
ಅಂದರೆ ಕೊಬ್ಬರಿ ಹಸಿಯಿತ್ತು. ಅಂದರೆ ಯಾರೋ
ಮಳೆಗೆ ಸಿಕ್ಕಿಸಿದ್ದಾರೆ. ಅಂದರೆ
ಯಾರದೋ ದುಡ್ಡಿನಲ್ಲಿ ಕಡಿತ.

ಇವತ್ತಿನ ಚೀಟಿಯ ಮೇಲಿನ ಹೆಸರು
ಅನಸ್ತಾಸಿಯೋ ಡಿಮಾಂದಾಲ್.
ನನ್ನ ಅಪ್ಪ.

ಅಪ್ಪ ಎಣ್ಣೆ ಕಂಡವನಲ್ಲ, ಹೊಗೆ ಕಂಡವನು.
ಹೊಂಡದ ಮೇಲೆ ಬಿದಿರಿನ ಅಟ್ಟ,
ಅಟ್ಟದ ಮೇಲೆ ಕಾಯಿಹೋಳು, ಕೆಳಗೆ ಕರಟದ ಬೆಂಕಿ.
ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಾನೆ,
ಹೋಳಿನದು, ತನ್ನದು.
ಅವನ ಅಂಗಿಗೆ, ಅನ್ನಕ್ಕೆ,
ಚರ್ಚಿನಲ್ಲಿ ಅವನು ಕೂತೆದ್ದ ಬೆಂಚಿಗೆ
ಒಂದೇ ಕಮಟು.
ಶಾಲೆಯಲ್ಲಿ ನನ್ನ ಜಡೆ ಮೂಸಿ
ಹುಡುಗಿಯರು ಜಾಗ ಬದಲಿಸುತ್ತಿದ್ದರು.

ಈಗ ನನಗೆ ಸಂಬಳ ಆ ವಾಸನೆ ತೆಗೆಯುವುದಕ್ಕೆ.

ಮೊದಲು ಬಿಳಿ ಮಣ್ಣು, ಬಣ್ಣ ಹೀರಲು.
ಆಮೇಲೆ ಇದ್ದಿಲ ಪುಡಿ, ಅದೂ ಕರಟದ್ದೇ;
ಮುಳ್ಳನ್ನು ಮುಳ್ಳಿಂದ ತೆಗೆದಂತೆ
ಕರಟದ ಹೊಗೆಯನ್ನು ಕರಟವೇ ತೆಗೆಯುತ್ತದೆ.
ಕೊನೆಗೆ ಆ ಎತ್ತರದ ಹಂಡೆ. ಇನ್ನೂರ ಮೂವತ್ತು ಡಿಗ್ರಿ,
ಒಳಗೆ ಗಾಳಿಯಿಲ್ಲ, ಬುಡದಿಂದ ಹಬೆ.
ಎಣ್ಣೆಗೆ ತನ್ನ ಊರು ಮರೆತುಹೋಗುತ್ತದೆ.
ಗುಡ್ಡದಾಚೆಯವರದೋ, ದ್ವೀಪದವರದೋ, ಅಪ್ಪನದೋ,
ಎಲ್ಲ ಒಂದೇ ತಿಳಿ.
ಕೊಳ್ಳುವವರಿಗೆ ಬೇಕಾದದ್ದು ಇದೇ: ಬಿಸ್ಕತ್ತಿನೊಳಗೆ
ಯಾವ ನಾಲಿಗೆಗೂ ನೆನಪಾಗದೆ ಕೂರುವ ಎಣ್ಣೆ.

ಹೊಸದಾಗಿ ಸೇರಿದ ಹುಡುಗ ರೆನ್ಯೆಲ್ ಕೇಳಿದ:
"ಅಕ್ಕಾ, ತೆಗೆದ ವಾಸನೆ ಎಲ್ಲಿಗೆ ಹೋಗುತ್ತೆ?"

ಇಷ್ಟು ವರ್ಷಕ್ಕೆ ಯಾರೂ ಕೇಳಿರಲಿಲ್ಲ.
ಹಿತ್ತಲ ಶೆಡ್ಡಿಗೆ ಕರೆದೊಯ್ದೆ.
ಹಬೆ ತಣಿದು ಇಳಿಯುವ ಕೊಳವೆಯ ಬಾಯಿಗೆ
ತುಕ್ಕು ಹಿಡಿದ ಒಂದು ಪೀಪಾಯಿ;
ನಸುಕಿನ ಹೊತ್ತಿಗೆ ಅದರಲ್ಲಿ ಹಳದಿ ಮೇಣ.
ನೂರಾರು ಚೀಲದ ಹುಳಿ, ನೂರಾರು ಹೊಂಡದ ಕಮಟು,
ಹೆಪ್ಪುಗಟ್ಟಿ, ಮೇಲೊಂದು ಸತ್ತ ನೊಣ.
ವಾರಕ್ಕೊಮ್ಮೆ ಸೋಪಿನವನು ಬಂದು
ಮೂಗು ಕಟ್ಟಿಕೊಂಡು ಒಯ್ಯುತ್ತಾನೆ.
ರೆನ್ಯೆಲ್ ಬಗ್ಗಿ ಮೂಸಿ, ಬಾಯಿ ಮುಚ್ಚಿಕೊಂಡು ಓಡಿದ.
ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಎರಡು ಹನಿ ಕಡಿಮೆ ಬರೆದಿದ್ದರೆ ಯಾರಿಗೂ ತಿಳಿಯದು.
ಎಣ್ಣೆ ಬಂದಾಗ ಕಣ್ಣು ಮುಚ್ಚುವವರುಂಟು.
ನನ್ನ ಕಣ್ಣು ತೆರೆದೇ ಇತ್ತು,
ಗುಲಾಬಿ ಕಂಡೇಬಿಟ್ಟಿತು.
ಮೂರೂಕಾಲು ಅಂತಲೇ ಬರೆದೆ.

ಭಾನುವಾರ ಅಪ್ಪ ಬಂದ.
ನೋಟು ಮಡಿಸಿದ ಜೇಬು ಮುಟ್ಟಿಕೊಂಡು
"ಈ ಸಲ ಮಳೆ," ಎಂದಷ್ಟೇ ಹೇಳಿದ,
ತಪ್ಪೆಲ್ಲ ಮೋಡದ್ದೆಂಬಂತೆ.
ಊಟಕ್ಕೆ ಮುಂಚೆ ತೊಟ್ಟಿಯ ಬಳಿ
ಅಂಗಡಿಯಿಂದ ತಂದ ಹಳದಿ ಬಿಲ್ಲೆಯಲ್ಲಿ ಕೈ ಉಜ್ಜಿದ,
ಬೆರಳ ಸಂದಿ, ಉಗುರ ಬುಡ, ಮೊಣಕೈಯವರೆಗೆ.
ಆಮೇಲೆ ಅಂಗೈ ಮೂಗಿಗಿಟ್ಟು
ಕಣ್ಣರಳಿಸಿದ: "ಒಳ್ಳೇ ವಾಸನೆ! ಏನಿದು?"

ನಿಂಬೆ, ಅಂದೆ.