ಜ್ವರವಿಲ್ಲ

ಮಂಗಳವಾರ, ಎರಡನೇ ಪೀರಿಯಡ್ಡು.
ಅವಳು ಬಾಗಿಲು ಬಡಿಯುವುದಿಲ್ಲ,
ನಾನಾಗಿ ತೆರೆಯುವ ತನಕ ಅದಕ್ಕೆ ಒರಗಿ ನಿಂತಿರುತ್ತಾಳೆ.
ಹೊಟ್ಟೆನೋವು.
ಕಂಕುಳಲ್ಲಿ ಥರ್ಮಾಮೀಟರು ಇಡುತ್ತೇನೆ. ಮೂವತ್ತಾರು ಪಾಯಿಂಟ್ ನಾಲ್ಕು.
'ಜ್ವರವಿಲ್ಲ' ಎಂದು ಬರೆಯುತ್ತೇನೆ ರಿಜಿಸ್ಟರಿನಲ್ಲಿ,
ಕಳೆದ ಮಂಗಳವಾರದ 'ಜ್ವರವಿಲ್ಲ'ದ ಕೆಳಗೆ.

ಹಮಾಮಾತ್ಸುವಿನ ಈ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ
ಮಂಡಿ ತರಚಿದವರಿಗೆ, ಹಲ್ಲು ಬಿದ್ದವರಿಗೆ
ನಾನು ತೊಮೊಎ ಟೀಚರು. ಪಾಠ ಮಾಡುವುದಿಲ್ಲ.
ಎರಡು ಮಂಚ, ತೂಕದ ಯಂತ್ರ, ಗೋಡೆಯ ಮೇಲೆ ನೋವಿನ ಚಾರ್ಟು:
ಶಿಕುಶಿಕು ಎಂದರೆ ಸಣ್ಣಗೆ ಕೊರೆಯುವುದು,
ಜುಕಿಜುಕಿ ಎಂದರೆ ಬಡಿದುಕೊಳ್ಳುವುದು,
ಕಿರಿಕಿರಿ ಎಂದರೆ ಇಲ್ಲಿ ಚೂರಿ ಆಡಿಸಿದ ಹಾಗೆ.
ಯಾವುದು, ಲುವಾನಾ?
ಅಂಗಡಿಯ ಗಾಜಿನಾಚೆ ಸಾಲಾಗಿಟ್ಟ ಚಪ್ಪಲಿ ನೋಡುವಂತೆ ನೋಡುತ್ತಾಳೆ.
ಒಂದೂ ಅವಳ ಅಳತೆಯದಲ್ಲ.

ಮುತ್ತಜ್ಜ ಹಡಗು ಹತ್ತಿ ಕಾಫಿತೋಟಕ್ಕೆ ಹೋದನಂತೆ,
ಅಪ್ಪ ವಿಮಾನ ಹತ್ತಿ ಕಾರಿನ ಬಿಡಿಭಾಗಕ್ಕೆ ಬಂದ.
ಅಲ್ಲಿ ಆ ಮನೆಯವರನ್ನು ಜಪಾನಿನವರು ಎಂದರು,
ಇಲ್ಲಿ ಬ್ರೆಜಿಲಿನವರು ಎನ್ನುತ್ತೇವೆ.
ಲುವಾನಾ ಹುಟ್ಟಿದ್ದು ಇದೇ ಊರಲ್ಲಿ,
ಸ್ಟೇಶನ್ನಿನ ಹಿಂದಿನ ಆಸ್ಪತ್ರೆಯಲ್ಲಿ.

ಒಂದನೇ ಕ್ಲಾಸಿಗೆ ಬಂದಾಗ ಕಿವಿಯಲ್ಲಿ ಎರಡು ಚಿನ್ನದ ಚುಕ್ಕಿ,
ಹದಿನೈದು ದಿನದ ಕೂಸಿಗೆ ಅಜ್ಜಿ ಚುಚ್ಚಿಸಿದ್ದು.
ಓಲೆ ಕೂಡದು, ನಿಯಮ.
ತೆಗೆದು ಲಕೋಟೆಗೆ ಹಾಕಿ,
ತೂತಿನ ಮೇಲೆ ಪ್ಲಾಸ್ಟರು ಅಂಟಿಸಿದವಳು ನಾನೇ.
ಗಾಯವಿಲ್ಲದ ಕಡೆ ಪ್ಲಾಸ್ಟರು.
ಆವತ್ತು ಅವಳು ಕೇಳಿದ್ದಳು: ಯಾವಾಗ ವಾಸಿಯಾಗುತ್ತೆ?

ಜುಲೈಯಲ್ಲಿ ಪೋಷಕರ ಭೇಟಿ. ಸೆಕೆ. ನಾಲ್ಕು ಕುರ್ಚಿ.
ಕುರಾಚಿ ಮಾಸ್ತರು ಹೇಳಿದರು:
ಇವಳು ಯಾರೊಂದಿಗೂ ಮಾತಾಡುವುದಿಲ್ಲ,
ಬಿಡುವಿನಲ್ಲಿ ಬೂಟಿನ ಕಪಾಟಿನ ಪಕ್ಕ ಒಬ್ಬಳೇ ನಿಂತಿರುತ್ತಾಳೆ.
ಲುವಾನಾ ಅಮ್ಮನ ಕಡೆ ತಿರುಗಿ
ಪೋರ್ಚುಗೀಸಿನಲ್ಲಿ ಉದ್ದಕ್ಕೆ ಏನೋ ಹೇಳಿದಳು.
ರಾತ್ರಿಪಾಳಿಯ ಕಣ್ಣಿನ ಆ ತಾಯಿ ನಕ್ಕಳು,
ಎದ್ದು ನಿಂತು ನಮಸ್ಕರಿಸಿದಳು.

ಆ ಮಾತಿಗೆ ಯಾವ ತಾಯಿ ನಗುತ್ತಾಳೆ?

ಒಂಬತ್ತು ವರ್ಷದ ಮಗು.
ಬ್ಯಾಂಕಿಗೆ ಅವಳದೇ ನಾಲಿಗೆ, ಬಾಡಿಗೆ ಮನೆಗೂ ಅವಳದೇ,
ಅಮ್ಮನ ಗರ್ಭ ಇಳಿದಾಗ ಡಾಕ್ಟರ ಮುಂದೆಯೂ
ನಡುವೆ ಕೂತದ್ದು ಅವಳೇ ಎಂದು ಆಮೇಲೆ ತಿಳಿಯಿತು.
ನಾನು ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಡುತ್ತಿದ್ದೆ.

ಪುರಸಭೆಗೆ ಏಳು ಸಲ ಫೋನು ಮಾಡಿದೆ.
ದೊಡ್ಡವಳೊಬ್ಬಳು ಬಂದಳು, ದೋನಾ ಇವೆಟೆ,
ಸೆಂಟು ಪೂಸಿಕೊಂಡು, ಅರ್ಧ ಗಂಟೆ ತಡವಾಗಿ.
ಈ ಸಲ ಲುವಾನಾ ಹೊರಗೆ ಆಡಿಕೊಳ್ಳಲಿ ಎಂದೆವು.
ಆಡಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ
ಕಿಟಕಿಯ ಗಾಜಿಗೇ ಇಟ್ಟಳು.
ಒಳಗೆ ತಾಯಿ ಅತ್ತದ್ದನ್ನು ನೋಡಿದಳು.

ಆಮೇಲೆ ನುಗ್ಗಿ ಬಂದಳು ನನ್ನ ಕೋಣೆಗೆ.
'ಏನು ಹೇಳಿದಿರಿ ಅಮ್ಮನಿಗೆ? ಹಾಗೆ ಹೇಳೋದಲ್ಲ.
ನಿಮಗೆ ಯಾರಿಗೂ ಬರಲ್ಲ. ನಾನಾಗಿದ್ದರೆ ಸರಿಯಾಗಿ ಹೇಳ್ತಿದ್ದೆ.'
ನಿಜ. ಅವಳಷ್ಟು ಚೆನ್ನಾಗಿ ಯಾರೂ ಹೇಳುತ್ತಿರಲಿಲ್ಲ.
ಕ್ಷಮಿಸು ಎಂದೆ. ಇನ್ನೇನೂ ಹೊಳೆಯಲಿಲ್ಲ.
ಮಂಚ ಹತ್ತಿ ಗೋಡೆಗೆ ಮುಖ ಮಾಡಿ ಮಲಗಿದಳು, ಬೂಟಿನ ಸಮೇತ.

ಬಹಳ ಹೊತ್ತಿನ ಮೇಲೆ ಗೋಡೆಗೆ ಹೇಳಿದಳು:
ಅಪೆರ್ತು.
ಏನದು?
ಹೊಟ್ಟೆದು. ನಿಮ್ಮ ಚಾರ್ಟಿನಲ್ಲಿಲ್ಲ.
ಗಾಳಿಯಲ್ಲಿ ಮುಷ್ಟಿ ಕಟ್ಟಿ ತೋರಿಸಿದಳು, ಬಿಡಲಿಲ್ಲ.
ನಾನೂ ಹೇಳಿ ನೋಡಿದೆ. ನನ್ನ ರಕಾರ ಕೇಳಿ
ಅವಳ ಬೆನ್ನು ಅಲುಗಿತು. ನಕ್ಕಳೋ ಅತ್ತಳೋ, ನೋಡಲಿಲ್ಲ.
ಚಾರ್ಟಿನ ತಳದಲ್ಲಿ ಪೆನ್ಸಿಲಿನಿಂದ ಬರೆದೆ.

ಈ ಮಂಗಳವಾರವೂ ಬಂದಿದ್ದಾಳೆ.
ಬಲಗಿವಿಯ ಪ್ಲಾಸ್ಟರು ಕಿತ್ತು ಬಂದು ನೇತಾಡುತ್ತಿದೆ.
ನಾನು ಡಬ್ಬಿ ತೆರೆದೆ,
ಮುಚ್ಚಿದೆ.

ರಿಜಿಸ್ಟರು: ಮೂವತ್ತಾರು ಪಾಯಿಂಟ್ ನಾಲ್ಕು. ಅಪೆರ್ತು.
ಔಷಧಿ ಕೊಟ್ಟಿಲ್ಲ.
ಎರಡನೇ ಪೀರಿಯಡ್ಡಿಗೆ ಹೋಗಲಿಲ್ಲ.
ಮೂರನೆಯದಕ್ಕೆ ಹೋದಳು, ಅರ್ಧಕ್ಕೆ.