ಎರಡು ಮೊಳೆ

ಓಸ್ಲಾ ಮೋವಟ್ ಬರೆದದ್ದು ಕ್ಲೈನ್.
ನಾನು ಜೋಡಿಸಿದ್ದು ಡಿಕ್ಲೈನ್.

ಲರ್ವಿಕ್ಕಿನ ಅಚ್ಚುಕೂಟ, ಅರವತ್ತೆರಡರ ಜುಲೈ,
ಹತ್ತೊಂಬತ್ತರ ಹುಡುಗ,
ತಪ್ಪು ಕಂಡರೆ ತಿದ್ದದೆ ಬಿಡುವ ಜಾತಿಯಲ್ಲ.
ಟೀಚರಿಗೆ ಕಣ್ಣು ಮಂಜಾಗಿದೆ, ಪಾಪ,
ಪದದ ತಲೆಯನ್ನೇ ಮರೆತಿದ್ದಾರೆ ಅಂದುಕೊಂಡು
ಗೂಡಿನಿಂದ ಎರಡು ಮೊಳೆ ಹೆಕ್ಕಿದೆ,
ಒಂದು ಡಿ, ಒಂದು ಈ.
ಕೂರಿಸಿದೆ. ಸಾಲು ಬಿಗಿಯಾಯಿತು.
ಮಸಿ ಬಳಿದೆ.

ಶುಕ್ರವಾರ ಪತ್ರಿಕೆ ದ್ವೀಪ ದ್ವೀಪ ತಲುಪಿತು.
ಶನಿವಾರ ಬಾಗಿಲಲ್ಲಿ ಟೀಚರು:
ರಬ್ಬರ್ ಬೂಟು, ಕೊರಳಿಗೆ ದುರ್ಬೀನು,
ಕೋಟಿನ ತೋಳಲ್ಲಿ ಹಕ್ಕಿಯ ಹಿಕ್ಕೆ.
ಬೈಯಲಿಲ್ಲ.
"ಗಿಲಿಮಾಟ್ ಹಕ್ಕಿ ನೋಡಿದ್ದೀಯಾ?"

ನೋಡದೇ ಏನು? ಬಂಡೆ ತುಂಬ ಅವೇ,
ಶವಕ್ಕೆ ಕಾದು ನಿಂತ ಬಂಧುಗಳ ಹಾಗೆ
ಕರಿ ಕೋಟು, ಬಿಳಿ ಎದೆ, ಒಂದೇ ಸಮ ಗೊಣಗು.

"ಕೆಲವಕ್ಕೆ ಕಣ್ಣಸುತ್ತ ಬಿಳಿ ಬಳೆ,
ಅಲ್ಲಿಂದ ಹಿಂದಕ್ಕೆ ಒಂದು ಬಿಳಿ ಗೆರೆ,
ಕನ್ನಡಕದ ಕಡ್ಡಿ ಕಿವಿಗೆ ಸಿಕ್ಕಿಸಿದಂತೆ. ಅದನ್ನು?"

ನೋಡಿರಲಿಲ್ಲ.
ಹತ್ತೊಂಬತ್ತು ವರ್ಷ ಆ ಬಂಡೆಯ ಕೆಳಗೇ
ಮೀನು ಹಿಡಿದವನು, ನೋಡಿರಲಿಲ್ಲ.

ನೋಟ್‌ಬುಕ್ಕು ಬಿಡಿಸಿದರು. ಪುಟಗಳ ನಡುವೆ ಪತ್ರಗಳು.
ಡೆವನ್ನಿನ ಪಾದ್ರಿಯೊಬ್ಬ ಇನ್ನೂರು ಎಣಿಸಿ ಒಂದು ಬಳೆ ಕಂಡಿದ್ದ,
ಅದೂ ಅನುಮಾನ, ಅಂದು ಮಂಜಿತ್ತು.
ನಾರ್ಥಂಬರ್ಲಂಡಿನ ಬೆಸ್ತನ ಹೆಂಡತಿಗೆ ನೂರಕ್ಕೆ ಐದು.
ಆರ್ಕ್ನಿಯಲ್ಲಿ ಹತ್ತೋ ಹನ್ನೆರಡೋ.
ನಮ್ಮಲ್ಲಿ ನಾಲ್ಕಕ್ಕೆ ಒಂದು.
"ನಡುವೆ ಎಲ್ಲೂ ಬೇಲಿಯಿಲ್ಲ. ಇಲ್ಲಿಗೆ ಇವು ಮುಗಿದವು,
ಇಲ್ಲಿಂದ ಅವು ಶುರು ಅನ್ನುವ ಕಲ್ಲು ಯಾರೂ ನೆಟ್ಟಿಲ್ಲ.
ಅದಕ್ಕೊಂದು ಪದ ಬೇಕಿತ್ತು. ಸಿಕ್ಕಿತ್ತು."

ಒಳಗಿನಿಂದ ಸಂಪಾದಕರು ಕೂಗಿದರು:
"ಇಳಿಜಾರು ಅಂದಿದ್ದರೆ ಎಲ್ಲರಿಗೂ ತಿಳೀತಿತ್ತಲ್ಲ?"
"ಇಳಿಜಾರಿಗೆ ಮೇಲೆ ಕೆಳಗೆ ಇರುತ್ತೆ, ಗಿಲ್ಬರ್ಟ್‌ಸನ್.
ಇದಕ್ಕೆ ಬರೀ ಅತ್ತ, ಇತ್ತ."

ಆ ರಾತ್ರಿ ಬಂಡೆಯಂಚಿಗೆ ಕರೆದೊಯ್ದರು.
ಹನ್ನೊಂದೂವರೆ. ನಮ್ಮ ಕಡೆ ಸಿಮರ್ ಡಿಮ್ ಅನ್ನುತ್ತೇವೆ,
ಬೇಸಿಗೆಯಲ್ಲಿ ಕತ್ತಲು ಹೊಸ್ತಿಲವರೆಗೆ ಬಂದು
ಒಳಗೆ ಬರಲೋ ಬೇಡವೋ ಅಂತ ನಿಂತುಬಿಡುತ್ತೆ.
"ಹಗಲು ಎಲ್ಲಿ ಮುಗಿಯಿತು, ಬೆರಳಿಟ್ಟು ತೋರಿಸು."
ನಾನು ಸಮುದ್ರ ನೋಡಿದೆ.
"ತೋರಿಸಲಾರೆ ತಾನೇ? ಎಣಿಸು."

ಎಣಿಸಿದೆ. ತಪ್ಪಿತು. ಮತ್ತೆ ಎಣಿಸಿದೆ.
ಮುನ್ನೂರರ ಹತ್ತಿರ ಎಲ್ಲೋ ಒಂದು ತಲೆ ತಿರುಗಿತು,
ಬಿಳಿ ಬಳೆಯೊಳಗಿನ ಕಣ್ಣು ನನ್ನನ್ನು ಓದಿತು,
ಕರಡು ತಿದ್ದುವವನಂತೆ.

ಮುಂದಿನ ವಾರ ತಿದ್ದುಪಡಿ ಹಾಕಿದೆವು,
ಅತಿ ಸಣ್ಣ ಮೊಳೆಯಲ್ಲಿ, ಕುರಿ ಮಾರಾಟದ ಕೆಳಗೆ.
ಯಾರೂ ಓದಲಿಲ್ಲ.
ಬ್ರೆಡ್ಡಿನಂಗಡಿಯಲ್ಲಿ ಟೀಚರನ್ನು ನಿಲ್ಲಿಸಿ
"ಹಕ್ಕಿಗಳು ಕಡಿಮೆಯಾಗ್ತಿವೆಯಂತೆ, ಅಯ್ಯೋ" ಅನ್ನುವವರು.
ಅವರು ನಗುತ್ತಿದ್ದರು:
"ಇಲ್ಲಮ್ಮ, ಕಾಲಿಡೋಕೆ ಜಾಗ ಇಲ್ಲ ಅಲ್ಲಿ."

ಎಪ್ಪತ್ತೊಂಬತ್ತರಲ್ಲಿ ನೋಟ್‌ಬುಕ್ಕು ನನಗೆ ಬಂತು,
ಜೊತೆಗೆ ದುರ್ಬೀನು, ಎಡಗಾಜು ಬಿರುಕು.
ಅಂದಿನಿಂದ ಪ್ರತಿ ಜುಲೈ, ಅದೇ ಬಂಡೆ, ಅದೇ ಚಾಚು.
ಈಗ ನೀರು ಬೆಚ್ಚಗಿದೆ ಅನ್ನುತ್ತಾರೆ, ಮರಳುಮೀನು ಸಿಗೋದಿಲ್ಲ.
ಕಾಲೇಜಿನ ಹುಡುಗಿಯೊಬ್ಬಳು ಬಂದು ಕೇಳಿದಳು:
ಯಾವ ವರ್ಷದಿಂದ, ಅಜ್ಜ?
ಪುಟ ತಿರುವಿದೆ, ಹಿಂದಕ್ಕೆ, ಮುಂದಕ್ಕೆ,
ಮುನ್ನೂರ ಹನ್ನೆರಡು, ಮುನ್ನೂರ ನಾಲ್ಕು, ಮುನ್ನೂರ ಒಂಬತ್ತು, ಇನ್ನೂರ ತೊಂಬತ್ತು.
ಗೆರೆ ಎಳೆಯಲು ಪೆನ್ಸಿಲ್ ಹಿಡಿದು ಕೂತೆ.
ಟೀ ಆರಿತು.

ಈ ಜುಲೈ ಆ ಚಾಚಿನಲ್ಲಿ ನಾಲ್ಕು ಹಕ್ಕಿ.
ಒಂದಕ್ಕೆ ಬಳೆ.
ಟೀಚರ ಲೆಕ್ಕ ಇನ್ನೂ ಸರಿಯಾಗಿದೆ.
ನನ್ನ ತಪ್ಪೂ.